ಗೆಸ್ಟ್‌ಗೆ ಎತ್ತಿಟ್ಟ ಉಂಡೆಗಳು

ಉಂಡೆಯಮ್ಮನ ಅಂಗಡಿಯಲ್ಲಿ "ಎತ್ತಿಟ್ಟಿದ್ದೀನಿ" ಅನ್ನುವ ಮಾತಿಗೆ ಇದ್ದ ತೂಕ ಬೇರೆ ಯಾವ ಮಾತಿಗೂ ಇರಲಿಲ್ಲ. ಆಕೆ ಮಾರುತ್ತಿದ್ದದ್ದು ಉಣ್ಣೆ ದಾರದ ಉಂಡೆ, ಹೆಣಿಗೆ ಕಡ್ಡಿ, ಒಂದಷ್ಟು ಗುಂಡಿ. ಆಕೆಗೂ ಒಂದು ಹೆಸರು ಇದ್ದೇ ಇತ್ತು, ಆದರೆ ಅದನ್ನು ಬೀದಿಯವರು ಮರೆತು ಎಷ್ಟೋ ವರ್ಷವಾಗಿತ್ತು. ಉಂಡೆಯಮ್ಮ ಅಂದರೆ ಸಾಕು, ಕೈ ತೋರಿಸಿ ದಾರಿ ಹೇಳುತ್ತಿದ್ದರು.

ಹೆಣಿಗೆಯ ಗಂಧಗಾಳಿ ಇಲ್ಲದವರಿಗೆ ಒಂದು ಸಂಗತಿ ಮೊದಲೇ ಹೇಳಿಬಿಡಬೇಕು. ಒಂದು ಹಂಡೆ ಬಣ್ಣದಲ್ಲಿ ಒಟ್ಟಿಗೆ ಅದ್ದಿ ತೆಗೆದ ದಾರಕ್ಕೆಲ್ಲ ಒಂದು ಲಾಟ್ ನಂಬರು. ಮುಂದಿನ ಹಂಡೆಗೆ ಬೇರೆ ನಂಬರು. ಎರಡೂ ಕೆಂಪೇ, ಅಂಗಡಿಯ ದೀಪದ ಕೆಳಗೆ ಎರಡೂ ಒಂದೇ. ಸ್ವೆಟರ್ ತೊಟ್ಟುಕೊಂಡು ಬಿಸಿಲಿಗೆ ಬಂದಿರೋ, ಒಂದು ತೋಳು ಒಂದು ಥರ, ಇನ್ನೊಂದು ತೋಳು ಇನ್ನೊಂದು ಥರ. ತಿಂಗಳುಗಟ್ಟಲೆ ಕೂತು ಹೆಣೆದವರ ಮುಖ ಆಗ ನೋಡಬಾರದು. ಅದಕ್ಕೇ ಹೆಣೆಯುವವರು ಈಗ ನಾಲ್ಕು ಉಂಡೆ ಒಯ್ದು, ಅದೇ ಲಾಟಿನ ಇನ್ನು ನಾಲ್ಕನ್ನು ಎತ್ತಿಡಿ ಅನ್ನುತ್ತಾರೆ. ಉಂಡೆಯಮ್ಮ ಕೌಂಟರಿನ ಹಿಂದಿನ ಹಲಗೆಯ ಮೇಲೆ ಅವನ್ನಿಟ್ಟು ಚೀಟಿ ಚುಚ್ಚುತ್ತಿದ್ದಳು. ಚೀಟಿ ಚುಚ್ಚಿದ ಮೇಲೆ ಮುಗಿಯಿತು, ಜಪ್ಪಯ್ಯ ಅಂದರೂ ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ. ಒಬ್ಬಾಕೆ ಎರಡು ವರ್ಷ ಬಿಟ್ಟು ಬಂದು "ನನ್ನ ಉಂಡೆ" ಅಂದಾಗಲೂ ಅದೇ ಚೀಟಿಯ ಸಮೇತ ತೆಗೆದುಕೊಟ್ಟವಳು.

ಅಂಗಡಿಯನ್ನು ಮೊದಲು ನಡೆಸುತ್ತಿದ್ದವರು ಇಬ್ಬರು, ಉಂಡೆಯಮ್ಮ ಮತ್ತು ಆಕೆಯ ತಂಗಿ. ಅಕ್ಕ ಗಲ್ಲಾ ನೋಡಿಕೊಂಡರೆ ತಂಗಿ ಬಣ್ಣ ನೋಡಿಕೊಳ್ಳುತ್ತಿದ್ದಳು. ತಂಗಿ ತೀರಿಕೊಂಡು ಹದಿನಾಲ್ಕು ತಿಂಗಳಾದ ಮೇಲೆ ತಂಗಿಯ ಮಗಳಿಗೆ ಒಂದು ಯೋಚನೆ ಬಂತು. ಅವಳು ಕಣ್ಣಾಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು, ಭಾನುವಾರ ಮಾತ್ರ ಬರುತ್ತಿದ್ದಳು.

"ದೊಡ್ಡಮ್ಮ, ಅಂಗಡಿಗೆ ಒಂದು ವೆಬ್‌ಸೈಟ್ ಮಾಡೋಣ. ನೀವು ಕೂತಲ್ಲೇ ಕೂತಿರಿ, ಜನ ಅವರವರ ಮನೆಯಿಂದಾನೇ ಕೊಂಡ್ಕೋತಾರೆ."

"ಮುಟ್ಟಿ ನೋಡದೆ ಯಾರೇ ಉಲ್ಲನ್ ಕೊಳ್ಳೋದು? ಹುಚ್ಚಾ ಅವರಿಗೆ?"

ಹುಚ್ಚೋ ಮತ್ತೊಂದೋ, ನಾಲ್ಕು ಭಾನುವಾರದಲ್ಲಿ ವೆಬ್‌ಸೈಟ್ ಆಯಿತು. ಒಂದೊಂದು ಉಂಡೆಯನ್ನೂ ಬಿಳಿ ಬಟ್ಟೆಯ ಮೇಲಿಟ್ಟು ಫೋಟೋ ಹಿಡಿದು ಅಪ್‌ಲೋಡ್ ಮಾಡಿದಳು ಹುಡುಗಿ. ನೋಟಿಫಿಕೇಶನ್ ಬರಲಿ ಅಂತ ಅಂಗಡಿಗೆ ಒಂದು ಫೋನು ಕೊಟ್ಟಳು. ಫೋಟೋ ದೊಡ್ಡದಾಗಿ ಕಾಣಲಿ ಅಂತ ತನ್ನ ಹಳೆಯ ಟ್ಯಾಬ್ಲೆಟ್ ಕೊಟ್ಟಳು. ದೊಡ್ಡಮ್ಮ ತಲೆಬುಡ ತಿಳಿಯದೆ ಕಣ್ಣು ಕಣ್ಣು ಬಿಡುವುದನ್ನು ನೋಡಿ, ಶಾಲೆಯ ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದೂ ಕೊಟ್ಟಳು.

ಕಾರ್ಟ್: ಗಿರಾಕಿ ತನಗೆ ಬೇಕಾದ್ದನ್ನು ಆರಿಸಿ ಹಾಕಿಕೊಳ್ಳುವ ಬುಟ್ಟಿ. ಚೆಕ್‌ಔಟ್: ಅದನ್ನು ಕೊಂಡು ಮುಗಿಸುವುದು. ಗೆಸ್ಟ್: ಹೆಸರು ಬರೆಸದೆ ಬಂದ ಗಿರಾಕಿ. ಸ್ಟಾಕ್: ನಮ್ಮಲ್ಲಿ ಎಷ್ಟು ಉಳಿದಿದೆ, ಏನೂ ಇಲ್ಲದಿದ್ದರೆ ಸೊನ್ನೆ ಹಾಕಿ.

ಬರೆದದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆದ ರಾದ್ಧಾಂತವೆಲ್ಲ ಅದರಿಂದಲೇ ಆಯಿತು ಅಂದರೆ ನೀವು ನಂಬಬೇಕು.

ಮೊದಲ ಎಂಟು ದಿನ ಆನ್‌ಲೈನ್ ಅನ್ನುವ ಲೋಕದಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಹತ್ತಕ್ಕೆ ಫೋನು ಟಿಣ್ ಅಂದಿತು. ಉಂಡೆಯಮ್ಮ ಕನ್ನಡಕ ಏರಿಸಿ ಓದಿದಳು. "ಒಬ್ಬ ಗೆಸ್ಟ್ ಕಾರ್ಟ್‌ನಲ್ಲಿ ವಸ್ತುಗಳನ್ನು ಬಿಟ್ಟು ಹೋಗಿದ್ದಾರೆ. ಸಾಸಿವೆ ಹಳದಿ, 2."

ನೋಟ್‌ಬುಕ್ ತೆಗೆದಳು. ಕಾರ್ಟ್ ಅಂದರೆ ಬುಟ್ಟಿ. ಗೆಸ್ಟ್ ಅಂದರೆ ಹೆಸರು ಹೇಳದವರು. ಬಿಟ್ಟು ಹೋಗಿದ್ದಾರೆ. ಇದರಲ್ಲಿ ತಿಳಿಯದೇ ಇರುವಂಥದ್ದು ಏನಿದೆ? ಯಾರೋ ಬಂದರು, ಆರಿಸಿದರು, ಎತ್ತಿಡಿ ಅಂತ ಹೇಳಿ ಹೋದರು. ಮೂವತ್ತೊಂದು ವರ್ಷದಿಂದ ನಡೆದುಕೊಂಡು ಬಂದದ್ದೇ ತಾನೆ. ಎರಡು ಹಳದಿ ಉಂಡೆಯನ್ನು ಹಿಂದಿನ ಹಲಗೆಗೆ ಏರಿಸಿ, "ಗೆಸ್ಟ್" ಅಂತ ಚೀಟಿ ಬರೆದು ಚುಚ್ಚಿದಳು. ಕಪಾಟಿನಲ್ಲಿ ಆ ಬಣ್ಣ ಇನ್ನು ಉಳಿದಿರಲಿಲ್ಲ, ಪಾಪ ಬೇರೆಯವರು ಆಸೆಪಟ್ಟುಕೊಳ್ಳುವುದು ಬೇಡ ಅಂತ ಸ್ಟಾಕಿನಲ್ಲಿ ಸೊನ್ನೆಯನ್ನೂ ಹಾಕಿದಳು.

ಮಾರನೆಯ ದಿನ ಹತ್ತಕ್ಕೆ ಮತ್ತೆ ಟಿಣ್. ಅದೇ ಗೆಸ್ಟ್, ಈ ಸಲ ನೇರಳೆ, 1.

ಉಂಡೆಯಮ್ಮ ಹಲಗೆಯ ಮೇಲಿದ್ದ ಹಳದಿಯ ಪಕ್ಕಕ್ಕೆ ನೇರಳೆಯನ್ನಿಟ್ಟು ನೋಡಿದಳು. ಸಾಸಿವೆ ಹಳದಿಗೆ ನೇರಳೆ. ಈ ಜೋಡಿಯನ್ನು ಕಂಡರೆ ಗಿರಾಕಿಗಳು ಮೂಗು ಮುರಿಯುತ್ತಿದ್ದರು. ಅದನ್ನು ಇಷ್ಟಪಡುತ್ತಿದ್ದವಳು ಒಬ್ಬಳೇ ಒಬ್ಬಳು, ಅವಳು ಈಗ ಇಲ್ಲ. "ನಿಂಗೆ ಕಣ್ಣಿಲ್ಲ ಕಣೇ ಅಕ್ಕ," ಅನ್ನುತ್ತಿದ್ದಳು ತಂಗಿ. ಈಗ ಎಲ್ಲಿಂದಲೋ ಒಬ್ಬರು ಬಂದು ಅದೇ ಎರಡನ್ನು ಒಟ್ಟಿಗಿಟ್ಟು ಹೋಗಿದ್ದಾರೆ. ಆಕೆಗೆ ಖುಷಿಯಾಯಿತು, ನಿಜವಾಗಿ ಖುಷಿಯಾಯಿತು. ಗೆಸ್ಟ್ ಹೆಂಗಸೇ ಇರಬೇಕು, ಜಾಣೆ ಇರಬೇಕು ಅಂದುಕೊಂಡಳು.

ಅಲ್ಲಿಂದ ಶುರುವಾಯಿತು ನೋಡಿ. ಗೆಸ್ಟ್ ದಿನಾ ಬರುತ್ತಿದ್ದಳು. ಒಂದು ದಿನ ಪಾಚಿ ಹಸಿರು, ಒಂದು ದಿನ ಬೂದಿ, ಒಂದು ದಿನ ಯಾರಿಗೂ ಬೇಡವಾಗಿ ಕಪಾಟಿನ ಮೂಲೆ ಹಿಡಿದಿದ್ದ ಇಟ್ಟಿಗೆ ಕೆಂಪಿನ ಕೊನೆಯ ಎರಡುಂಡೆ. ಆ ಲಾಟಿನಲ್ಲೇ ತಂಗಿ ತನ್ನ ಕೊನೆಯ ಶಾಲು ಹೆಣೆದಿದ್ದು. ಅದು ಈಗ ಮಗಳ ಹೆಗಲ ಮೇಲಿದೆ. ಹಿಂದಿನ ಹಲಗೆ ತುಂಬಿತು, ಅದರ ಕೆಳಗಿನದ್ದೂ ತುಂಬಿತು. ಇಷ್ಟಾದರೂ ಗೆಸ್ಟ್ ಬಂದು ಒಯ್ಯುವ ಸುದ್ದಿಯೇ ಇಲ್ಲ. ಬರುತ್ತಾಳೆ ಬಿಡು, ಎರಡು ವರ್ಷ ಬಿಟ್ಟು ಬಂದವರೂ ಇದ್ದಾರೆ.

ಈ ನಡುವೆ ಉಂಡೆಯಮ್ಮನಿಗೂ ಒಂದು ಹೊಸ ಅಭ್ಯಾಸ ಅಂಟಿಕೊಂಡಿತ್ತು. ಮಧ್ಯಾಹ್ನ ಊಟವಾದ ಮೇಲೆ ಅಂಗಡಿಗೆ ಯಾರೂ ಬರುವುದಿಲ್ಲ. ಹಿಂದೆಲ್ಲ ಆ ಹೊತ್ತಿಗೆ ತಂಗಿ ಉಂಡೆಗಳನ್ನು ಕೌಂಟರಿನ ಮೇಲೆ ಹರವಿಕೊಂಡು ಇದಕ್ಕೆ ಅದು, ಅದಕ್ಕೆ ಇದು ಅಂತ ಜೋಡಿಸುತ್ತಿದ್ದಳು. ಈಗ ಉಂಡೆಯಮ್ಮ ಟ್ಯಾಬ್ಲೆಟ್ ತೊಡೆಯ ಮೇಲಿಟ್ಟುಕೊಂಡು ಫೋಟೋ ನೋಡುತ್ತಿದ್ದಳು. ಕಣ್ಣು ಮೊದಲಿನಂತಿಲ್ಲ, ಫೋಟೋ ಸಣ್ಣವು. ಪ್ರತಿ ಫೋಟೋದ ಕೆಳಗೆ ಕೂಡುವ ಲೆಕ್ಕದ ಗುರುತು ಇತ್ತು. ಕೂಡಿಸಿದರೆ ದೊಡ್ಡದಾಗಲೇಬೇಕು ಅಂತ ಒತ್ತಿ ನೋಡಿದರೆ ಸರಿಯಾಗಿ ಹಾಗೇ ಆಯಿತು. ಪಕ್ಕದಿಂದ ಒಂದು ಪುಟ ಜಾರಿ ಬಂದು ಉಂಡೆ ದೊಡ್ಡದಾಗಿ ಕಾಣುತ್ತಿತ್ತು. ಅದರ ಸುತ್ತ ಇರುವೆ ಸಾಲಿನಂಥ ಅಕ್ಷರಗಳನ್ನು ಯಾರು ಓದುತ್ತಾರೆ? ತಂಗಿ ಇಷ್ಟಪಟ್ಟು ತರಿಸಿದ ಬಣ್ಣ ಒಂದೆರಡು ನೋಡಿ, ಮುಚ್ಚಿಟ್ಟು, ಶಟರ್ ಎತ್ತುತ್ತಿದ್ದಳು.

ಹೀಗಿರುವಾಗ ಒಂದು ಬುಧವಾರ ಬಸ್ ಡ್ರೈವರ್ ಬಂದಳು. ಸಮವಸ್ತ್ರದಲ್ಲೇ ಇದ್ದಳು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರಿಂದ ಇಟ್ಟಿಗೆ ಕೆಂಪಿನ ಸ್ವೆಟರ್ ಒಂದನ್ನು ಹೊರತೆಗೆದು ಕೌಂಟರಿನ ಮೇಲೆ ಹರಡಿದಳು. ಬೆನ್ನು, ಎದೆ, ಒಂದು ತೋಳು. ಇನ್ನೊಂದು ತೋಳಿನ ಜಾಗದಲ್ಲಿ ಬಾಯಿ ಬಿಟ್ಟ ತೂತು.

"ಅಮ್ಮ, ನೆನಪಿದೆಯಾ? ನಾಲ್ಕು ತಿಂಗಳ ಹಿಂದೆ ಆರು ಉಂಡೆ ಒಯ್ದಿದ್ದೆ. ಇನ್ನೆರಡು ಎತ್ತಿಡಲಾ ಅಂತ ಕೇಳಿದ್ರಿ, ಬೇಡ ಅಂದೆ. ಮೊದಲನೇ ಸಲ ಹೆಣೆದದ್ದು ನೋಡಿ, ಸ್ಟೇರಿಂಗ್ ಹಿಡಿದ ಕೈ, ಬಿಗಿ ಜಾಸ್ತಿ ಆಗೋಯ್ತು. ದಾರ ಎಲ್ಲ ನುಂಗಿಬಿಡ್ತು."

ಉಂಡೆಯಮ್ಮ ಹೆಣಿಗೆಯನ್ನು ಬೆರಳಿನಿಂದ ಒತ್ತಿ ನೋಡಿದಳು. ಹಲಗೆ ಇದ್ದ ಹಾಗಿತ್ತು. "ಇದನ್ನ ತೊಟ್ಟುಕೊಂಡರೆ ಗುಂಡು ಹೊಡೆದರೂ ಒಳಗೆ ಹೋಗಲ್ಲ ಬಿಡು. ಯಾರಿಗೆ?"

"ಮಗಳಿಗೆ. ಮುಂದಿನ ಗುರುವಾರ ಹಾಸ್ಟೆಲಿಗೆ ಹೋಗ್ತಾಳೆ, ಚಳಿ ಊರು. ನಮ್ಮಮ್ಮನ ಕೈಲಿ ಸ್ಟೇರಿಂಗ್ ಬಿಟ್ಟು ಬೇರೇನೂ ನಿಲ್ಲಲ್ಲ ಅಂತ ಎಲ್ಲರ ಹತ್ತಿರ ಆಡಿಕೊಂಡು ನಗ್ತಾಳೆ. ಅವಳಿಗೆ ಗೊತ್ತಿಲ್ಲದ ಹಾಗೆ ಕೊನೇ ಸ್ಟಾಪಲ್ಲಿ ಕೂತು ಹೆಣೆದೆ." ಅವಳು ಸ್ವರ ತಗ್ಗಿಸಿದಳು. "ನಿಮ್ಮ ವೆಬ್‌ಸೈಟಲ್ಲಿ ಹೋದ ತಿಂಗಳು ಎರಡು ಇದೆ ಅಂತಿತ್ತು. ಈಗ ಸೊನ್ನೆ ಅಂತಿದೆ. ಆದರೂ ಎಲ್ಲಾದರೂ ಮೂಲೆಯಲ್ಲಿ ಇರಬಹುದೇನೋ ಅಂತ ಬಂದೆ."

ಅವು ಇದ್ದದ್ದು ಉಂಡೆಯಮ್ಮನ ಬೆನ್ನ ಹಿಂದೆ, ಬಂದವಳ ಕಣ್ಣೆದುರಿಗೆ.

"ಅದೇ ಅಲ್ವಾ ಅಮ್ಮ?"

"ಅದೇ. ಆದರೆ ಅದು ಬೇರೆಯವರಿಗೆ ಎತ್ತಿಟ್ಟಿದ್ದು."

"ಯಾರಿಗೆ? ನಾನೇ ಹೋಗಿ ಕೇಳಿಕೋತೀನಿ. ಕಾಲಿಗೆ ಬೇಕಾದರೂ ಬೀಳ್ತೀನಿ."

ಯಾರಿಗೆ! ಉಂಡೆಯಮ್ಮನಿಗೆ ಆ ಕ್ಷಣದವರೆಗೆ ಆ ಪ್ರಶ್ನೆಯೇ ಹೊಳೆದಿರಲಿಲ್ಲ. ಗೆಸ್ಟ್ ಅನ್ನಬಹುದು, ಆದರೆ ಎಲ್ಲಿಯವಳು, ಯಾರ ಪೈಕಿ, ಯಾವಾಗ ಬರುತ್ತಾಳೆ? ಒಂದು ಕಡೆ ಒಂಟಿ ತೋಳಿನ ಸ್ವೆಟರ್, ಇನ್ನೊಂದು ಕಡೆ ಮೂವತ್ತೊಂದು ವರ್ಷದ ಮಾತು. "ಅವರು ಒಪ್ಪಿದರೆ ಕೊಡ್ತೀನಮ್ಮ, ವಿಚಾರಿಸ್ತೀನಿ," ಅಂದಳು. ಡ್ರೈವರ್ ತಲೆಯಾಡಿಸಿ, ಸ್ವೆಟರನ್ನು ಮಗು ಮಲಗಿಸುವ ಹಾಗೆ ಮಡಚಿ ಚೀಲಕ್ಕೆ ಹಾಕಿಕೊಂಡು ಹೋದಳು. ಫೋನ್ ನಂಬರು ಕೊಡುವುದು ಅವಳಿಗೂ ನೆನಪಾಗಲಿಲ್ಲ, ಕೇಳುವುದು ಇವಳಿಗೂ ನೆನಪಾಗಲಿಲ್ಲ.

ಆಮೇಲೆ ಶುರುವಾಯಿತು ಸಂಕಟ. ಗೆಸ್ಟನ್ನು ಹುಡುಕುವುದು ಹೇಗೆ ಅಂತ ಪಕ್ಕದ ಜೆರಾಕ್ಸ್ ಅಂಗಡಿಯವನ ಹತ್ತಿರ ಹೋದಳು. ಅವನಿಗೆ ಕಂಪ್ಯೂಟರಿನ ವಿಷಯ ಗೊತ್ತಿಲ್ಲ ಅನ್ನುವುದು ಬಿಟ್ಟರೆ ಉಳಿದದ್ದೆಲ್ಲ ಗೊತ್ತಿತ್ತು.

"ಅಕ್ಕಾ, ಗೆಸ್ಟ್ ಅಂದರೆ ಪ್ರಪಂಚದ ಯಾವ ಮೂಲೆಯಲ್ಲಾದರೂ ಇರಬಹುದು. ಅವರದ್ದೆಲ್ಲ ಕ್ಲೌಡಲ್ಲಿ ಇರುತ್ತೆ. ಐಪಿ ಅಡ್ರೆಸ್ ಸಿಕ್ಕಿದರೆ ಹಿಡೀಬಹುದು."

"ಅಡ್ರೆಸ್ ಇದೆಯಾ? ಕೊಡಪ್ಪ, ಒಂದು ಕಾಗದ ಬರೀತೀನಿ."

"ಕಾಗದ ಅಲ್ಲಿಗೆ ಹೋಗಲ್ಲ ಅಕ್ಕಾ."

"ಕಾಗದ ಹೋಗದೇ ಇರೋ ಅಡ್ರೆಸ್ಸಿಂದ ಅವಳು ಹೇಗೆ ಬಂದು ಹೋಗ್ತಾಳೆ?"

ಜೆರಾಕ್ಸಿನವನು ತಲೆ ಕೆರೆದುಕೊಂಡು, ಸರ್ವರ್ ಡೌನ್ ಇರಬೇಕು ಅಂದ. ಏನು ಕೇಳಿದರೂ ಕೊನೆಗೆ ಅವನು ಅದನ್ನೇ ಹೇಳುತ್ತಿದ್ದ. ಉಂಡೆಯಮ್ಮನ ತಲೆ ಚಿಟ್ಟು ಹಿಡಿಯಿತು. ಮಾರನೆಯ ದಿನ ಬೆಳಿಗ್ಗೆ ಫೋನು ಟಿಣ್ ಅಂದಾಗ ಅದರ ಮುಖಕ್ಕೇ ಹೇಳಿದಳು, "ನೋಡಮ್ಮ, ಕೆಂಪು ಎರಡನ್ನ ಬಿಟ್ಟುಕೊಡು, ಹೆಣ್ಣು ಮಗು ಚಳಿಗೆ ಹೋಗ್ತಿದೆ." ಫೋನು ಬೂದಿ ಬಣ್ಣ ಇನ್ನೊಂದು ಅಂತಷ್ಟೇ ಹೇಳಿತು. ಗುರುವಾರ, ಶುಕ್ರವಾರ, ಶನಿವಾರ, ಬಾಗಿಲಲ್ಲಿ ನಿಂತು ಹೋಗಿ ಬರುವ ಬಸ್ಸುಗಳ ಡ್ರೈವರ್ ಸೀಟನ್ನೇ ನೋಡಿದಳು. ಎಲ್ಲ ಮೀಸೆಯವರೇ. ಶನಿವಾರ ಒಂದು ಸಲ ಕೈ ಹಲಗೆಯತ್ತ ಹೋಗಿ, ಚೀಟಿ ಮುಟ್ಟಿ, ವಾಪಸು ಬಂತು.

ಭಾನುವಾರ ತಂಗಿ ಮಗಳು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

"ದೊಡ್ಡಮ್ಮ, ಏನಿದು? ಅಂಗಡಿಯೆಲ್ಲ ಹಿಂದುಗಡೆಗೆ ಹೋಗಿದೆಯಲ್ಲ?"

"ಎಲ್ಲ ನಿನ್ನ ಗೆಸ್ಟ್ ಎತ್ತಿಡಿಸಿದ್ದು."

ಹುಡುಗಿ ಚೀಟಿಗಳನ್ನು ನೋಡಿದಳು, ಫೋನು ನೋಡಿದಳು, ನಗು ತಡೆಯಲಾರದೆ ಸ್ಟೂಲಿನ ಮೇಲೆ ಕೂತಳು. "ಅಯ್ಯೋ ದೊಡ್ಡಮ್ಮ, ಕಾರ್ಟ್‌ಗೆ ಹಾಕಿದ ಮಾತ್ರಕ್ಕೆ ಯಾರೂ ಕೊಂಡ ಹಾಗಲ್ಲ. ಜನ ಸುಮ್ಮನೆ ಹಾಕ್ತಾರೆ, ಬಿಟ್ಟು ಹೋಗ್ತಾರೆ. ನಾನೂ ದಿನಾ ಹಾಗೇ ಮಾಡ್ತೀನಿ."

"ಬುಟ್ಟಿ ತುಂಬಿಸಿ ನಡು ಅಂಗಡೀಲಿ ಬಿಟ್ಟು ಹೋಗ್ತೀಯಾ? ನಿಮ್ಮಮ್ಮ ನಿನಗೆ ಇದನ್ನ ಕಲಿಸಿದ್ದಾ?"

"ಅಲ್ಲಿ ನಡು ಅಂಗಡಿ ಅಂತ ಇರಲ್ಲ."

"ಮತ್ತೆ ನಾನು ಒಬ್ಬಳನ್ನ ವಾಪಸು ಕಳಿಸಿದೆನಲ್ಲೇ." ಉಂಡೆಯಮ್ಮ ಬಸ್ ಓಡಿಸುವವಳ ಕಥೆ ಹೇಳಿದಳು. "ಗೆಸ್ಟ್ ಅಂಥವಳಲ್ಲ. ನಿಮ್ಮಮ್ಮನ ಥರಾನೇ ಬಣ್ಣ ಹುಡುಕ್ತಾಳೆ. ಅಂಥವಳು ಮಾತು ತಪ್ಪಲ್ಲ, ಬರ್ತಾಳೆ ಅಂದುಕೊಂಡೆ."

ಹುಡುಗಿಯ ನಗು ನಿಂತಿತು. ಅವಳು ವೆಬ್‌ಸೈಟಿನ ಲೆಕ್ಕ ತೆರೆದು ಏನನ್ನೋ ಒಂದು ನಿಮಿಷ ದಿಟ್ಟಿಸಿದಳು.

"ದೊಡ್ಡಮ್ಮ, ಈ ಗೆಸ್ಟ್ ಬರೋದು ದಿನಾ ಮಧ್ಯಾಹ್ನ ಎರಡೂವರೆಗೆ. ಯಾವಾಗಲೂ ಒಂದೇ ಟ್ಯಾಬ್ಲೆಟಿಂದ. ಅದರ ಸುದ್ದಿ ನಿಮ್ಮ ಫೋನಿಗೆ ಮಾರನೇ ದಿನ ಹತ್ತಕ್ಕೆ ಬರುತ್ತೆ. ಊಟ ಆದ ಮೇಲೆ ನೀವೇನು ಮಾಡ್ತೀರಿ?"

"ಫೋಟೋ ನೋಡ್ತೀನಿ."

"ಹೇಗೆ ನೋಡ್ತೀರಿ, ತೋರಿಸಿ."

ಉಂಡೆಯಮ್ಮ ಟ್ಯಾಬ್ಲೆಟ್ ತಂದಳು, ಪಾಚಿ ಹಸಿರಿನ ಫೋಟೋ ಹುಡುಕಿ ಕೂಡುವ ಗುರುತನ್ನು ಒತ್ತಿದಳು. ಪಕ್ಕದಿಂದ ಪುಟ ಜಾರಿ ಬಂತು. "ನೋಡು, ಹೀಗೆ ಒತ್ತಿದರೆ ದೊಡ್ಡದಾಗುತ್ತೆ. ಸಾಲದಿದ್ದರೆ ಇನ್ನೊಂದು ಸಲ ಒತ್ತೋದು."

"ಇದೇ ಕಾರ್ಟ್," ಅಂದಳು ಹುಡುಗಿ ಮೆಲ್ಲಗೆ.

ಉಂಡೆಯಮ್ಮನಿಗೆ ತಕ್ಷಣ ಅರ್ಥವಾಗಲಿಲ್ಲ. ಟ್ಯಾಬ್ಲೆಟ್ ನೋಡಿದಳು, ಹುಡುಗಿಯನ್ನು ನೋಡಿದಳು, ತುಂಬಿದ ಹಲಗೆಯನ್ನು ನೋಡಿದಳು. ಸಾಸಿವೆ ಹಳದಿ, ನೇರಳೆ, ಬೂದಿ. ಅರ್ಥವಾದಾಗ ನಾಲಿಗೆ ಕಚ್ಚಿಕೊಂಡಳು, ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅದರ ಹಿಂದೆಯೇ ಬಂದದ್ದು ನಾಚಿಕೆಯಲ್ಲ. ಒಂದು ತಿಂಗಳಿಗೂ ಮೇಲೆ ದಿನಾ ಹತ್ತು ಗಂಟೆಗೆ ಕಾದಿದ್ದಳು. ಹೊರಗೆಲ್ಲೋ ತಂಗಿಯ ಕಣ್ಣಿರುವ ಇನ್ನೊಬ್ಬಳು ಇದ್ದಾಳೆ ಅಂದುಕೊಂಡಿದ್ದಳು. ಅಂಥವಳು ಯಾರೂ ಇರಲೇ ಇಲ್ಲ.

"ನಾನು ಅವಳು ತಂದ ಬಣ್ಣ ನೋಡ್ತಾ ಇದ್ದೆ ಕಣೇ," ಅಂದಳು. "ಅಷ್ಟೇ ಮಾಡಿದ್ದು."

ಹುಡುಗಿ ಎದ್ದು ಬಂದು ದೊಡ್ಡಮ್ಮನ ಕೈ ಹಿಡಿದುಕೊಂಡಳು. ಅವಳ ಹೆಗಲ ಮೇಲೆ ಆ ಇಟ್ಟಿಗೆ ಕೆಂಪಿನ ಶಾಲು ಇತ್ತು. ಸ್ವಲ್ಪ ಹೊತ್ತು ಇಬ್ಬರೂ ಅತ್ತರು, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಮೊದಲು ಕಣ್ಣೊರೆಸಿಕೊಂಡವಳು ದೊಡ್ಡಮ್ಮನೇ.

"ಇವತ್ತು ಭಾನುವಾರ. ಗುರುವಾರಕ್ಕೆ ಇನ್ನು ನಾಲ್ಕು ದಿನ. ಒಂದು ತೋಳಿಗೆ ಮೂರು ದಿನ ಬೇಕು, ಆ ಬಿಗಿ ಕೈಗೆ ನಾಲ್ಕೂ ಬೇಕು. ಅವಳನ್ನ ಎಲ್ಲಿಂದ ಹಿಡಿಯೋದೇ?"

"ಮೊದಲು ಸ್ಟಾಕ್ ಸರಿ ಮಾಡ್ತೀನಿ." ಹುಡುಗಿ ಇಟ್ಟಿಗೆ ಕೆಂಪಿನ ಸೊನ್ನೆ ಅಳಿಸಿ ಎರಡು ಅಂತ ಹಾಕಿದಳು. ಹಾಕಿದವಳೇ ಹುಬ್ಬೇರಿಸಿದಳು. "ಇಲ್ನೋಡಿ. ಖಾಲಿಯಾದ ವಸ್ತುವಿನ ಕೆಳಗೆ 'ಬಂದಾಗ ತಿಳಿಸಿ' ಅಂತ ಒಂದು ಬಟನ್ ಇರುತ್ತೆ. ಬುಧವಾರ ಸಾಯಂಕಾಲ ಯಾರೋ ಒಬ್ಬರು ಅದನ್ನ ಒತ್ತಿದ್ದಾರೆ. ಈಗ ಅವರಿಗೆ ತಾನಾಗೇ ಮೆಸೇಜ್ ಹೋಯ್ತು."

"ಯಾರು?"

"ಗೆಸ್ಟ್. ಹೆಸರು ಬರೆಸಿಲ್ಲ, ನಂಬರನ್ನ ನಮಗೆ ತೋರಿಸಲ್ಲ."

"ಹಾಳಾದ ಗೆಸ್ಟ್," ಅಂದಳು ಉಂಡೆಯಮ್ಮ.

ಕಾದರು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಹುಡುಗಿ ಚಹಾ ತಂದಳು, ಅದು ಕೆನೆಗಟ್ಟಿತು. ಹುಡುಗಿ ಆ ಲೆಕ್ಕದ ಪುಟವನ್ನು ತೆರೆದೇ ಇಟ್ಟಿದ್ದಳು. ನಲವತ್ತನೆಯ ನಿಮಿಷಕ್ಕೆ ಅದರಲ್ಲಿ ಒಂದು ಹೊಸ ಸಾಲು ಮೂಡಿತು. ಒಬ್ಬ ಗೆಸ್ಟ್, ಇಟ್ಟಿಗೆ ಕೆಂಪು, 2.

ಉಂಡೆಯಮ್ಮ ತನ್ನ ಎರಡೂ ಕೈಯನ್ನು ಮೇಲೆತ್ತಿ ತೋರಿಸಿದಳು. ಟ್ಯಾಬ್ಲೆಟ್ ಕೌಂಟರಿನ ಆ ತುದಿಯಲ್ಲಿ ಆರಿಹೋಗಿತ್ತು.

"ಇದು ನಾನಲ್ಲ ತಾನೆ?"

"ಅಲ್ಲ ದೊಡ್ಡಮ್ಮ. ಇದು ಬೇರೆ ಯಾರದ್ದೋ ಫೋನಿಂದ."

ಉಂಡೆಯಮ್ಮ ಹಲಗೆಯಿಂದ ಕೆಂಪು ಉಂಡೆ ಎರಡನ್ನೂ ಇಳಿಸಿ, ಹಳೆಯ ಚೀಟಿ ಕಿತ್ತು, "ಬಸ್ ಡ್ರೈವರ್" ಅಂತ ಹೊಸದನ್ನು ಬರೆದು ಚುಚ್ಚಿದಳು. ಹುಡುಗಿಗೆ ಧೈರ್ಯ ಸಾಲದು. ಚೆಕ್‌ಔಟ್ ಆಗಿಲ್ಲ, ಬೇರೆ ಯಾರೋ ಇದ್ದರೂ ಇರಬಹುದು, ಬಿಟ್ಟು ಹೋದರೂ ಹೋಗಬಹುದು ಅಂತ ಗೊಣಗಿದಳು. ಆಮೇಲೆ ಅರ್ಧ ಗಂಟೆ ಏನೂ ಆಗಲಿಲ್ಲ. ಉಂಡೆಯಮ್ಮ ಚೀಟಿಯನ್ನು ತೆಗೆಯಲೂ ಇಲ್ಲ.

ಆಗ ಅಂಗಡಿಯ ಮುಂದೆ, ಸ್ಟಾಪ್ ಅಲ್ಲದ ಜಾಗದಲ್ಲಿ, ಒಂದು ಬಸ್ಸು ಬುಸ್ ಅಂತ ನಿಂತಿತು. ಕಿಟಕಿಗಳಲ್ಲಿ ಪ್ರಯಾಣಿಕರು ಕಕ್ಕಾಬಿಕ್ಕಿಯಾಗಿ ಇಣುಕಿದರು. ಡ್ರೈವರ್ ಧುಮುಕಿ ಒಳಗೆ ಬಂದಳು.

"ಕೊನೇ ಸ್ಟಾಪಲ್ಲಿ ಮೆಸೇಜ್ ನೋಡಿದೆ ಅಮ್ಮ. ಕಾರ್ಟ್‌ಗೆ ಹಾಕಿದೆ. ಆಮೇಲೆ ಪಾಸ್‌ವರ್ಡ್ ಕೇಳ್ತು, ಹಾಕಿದರೆ ಇಷ್ಟು ಸಾಲದು, ಇನ್ನೂ ಗಟ್ಟಿದು ಹಾಕು ಅಂತು. ಸಿಟ್ಟು ಬಂದು ಬಸ್ಸನ್ನೇ ತಂದುಬಿಟ್ಟೆ. ಅವರು ಬಿಟ್ಟುಕೊಟ್ಟರಾ?"

"ಬಿಟ್ಟುಕೊಟ್ಟರು," ಅಂದಳು ಉಂಡೆಯಮ್ಮ, ಚೀಟಿಯ ಸಮೇತ ಎರಡೂ ಉಂಡೆಯನ್ನು ಅವಳ ಕೈಗಿಡುತ್ತಾ. "ಸಡಿಲವಾಗಿ ಹೆಣಿ. ಮಗು ಕೈ ಮಡಚಬೇಕಲ್ಲ."

ಡ್ರೈವರ್ ಚೀಟಿ ಓದಿದಳು, ಎರಡು ಸಲ ಓದಿದಳು. ಏನೋ ಹೇಳಲು ಹೋದಳು, ಅಷ್ಟರಲ್ಲಿ ಬಸ್ಸಿನೊಳಗಿಂದ ಯಾರೋ ಹಾರನ್ ಒತ್ತಿದರು. ಉಂಡೆಗಳನ್ನು ಎದೆಗವಚಿಕೊಂಡು ಓಡಿದಳು.

ಹುಡುಗಿ ಉಳಿದದ್ದನ್ನೆಲ್ಲ ಕಪಾಟಿಗೆ ಮರಳಿಸಲು ನಿಂತಳು. ಪಾಚಿ ಹಸಿರು ಹೋಯಿತು, ಬೂದಿ ಹೋಯಿತು. ಸಾಸಿವೆ ಹಳದಿಗೆ ಕೈ ಹಾಕಿದಾಗ ದೊಡ್ಡಮ್ಮ ತಡೆದಳು.

"ಅದೂ, ನೇರಳೇನೂ ಮುಟ್ಟಬೇಡ. ಎತ್ತಿಟ್ಟಿದ್ದು."

"ದೊಡ್ಡಮ್ಮ, ಆ ಗೆಸ್ಟ್ ನೀವೇ ಅಂತ ಈಗ ತಾನೆ ಹೇಳಿದೆನಲ್ಲ?"

ಉಂಡೆಯಮ್ಮ ಡ್ರಾಯರ್ ಎಳೆದು, ತಂಗಿಯ ಹಳೆಯ ಹೆಣಿಗೆ ಕಡ್ಡಿಗಳನ್ನು ತೆಗೆದು ಸೆರಗಿನಿಂದ ಒರೆಸಿದಳು. ಕೌಂಟರಿನ ಈಚೆ ಬದಿಗೆ, ಗಿರಾಕಿಗಳು ಕೂರುವ ಸ್ಟೂಲಿಗೆ ಬಂದು ಕೂತು ಕೈ ಚಾಚಿದಳು.

"ಹೌದು. ಬಂದಿದ್ದೀನಿ, ಕೊಡು."

ಹುಡುಗಿ ಚೀಟಿ ಕಿತ್ತು, ಎರಡು ಹಳದಿ, ಒಂದು ನೇರಳೆ ಅವಳ ಕೈಗೆ ಕೊಟ್ಟಳು.